ಮುದ್ದಿನ ಹೆಸರು ಬೆಟ್ಟವೇರಿದ್ದು

ಆಸ್ಟ್ರೇಲಿಯಾದ ಮುಖ್ಯಭೂಮಿಯ ಅತಿ ಎತ್ತರದ ಶಿಖರ ಯಾವುದು? ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದವರಿಗೆಲ್ಲ ಈ ಪ್ರಶ್ನೆ ಗೊತ್ತು. ಉತ್ತರವೂ ಗೊತ್ತು, ಬಾಯಲ್ಲಿ ಮಾತ್ರ ಬರುವುದಿಲ್ಲ. ಕೊಸಿಯಸ್ಕೊ, ಕಾಸಿಸ್ಕೊ, ಕೋಸಿಯುಸ್ಕೋ... ಕೈಪಿಡಿಗೊಂದು ಕಾಗುಣಿತ. ನಾನೂ ಒಂದು ಕಾಲಕ್ಕೆ 2,228 ಮೀಟರ್ ಎಂಬ ಅಂಕಿಯನ್ನು ಚೆನ್ನಾಗಿ ಬಾಯಿಪಾಠ ಮಾಡಿ, ಹೆಸರನ್ನು ಗೊಣಗಿ ದಾಟಿಸಿದವನೇ. ಅದು ಯಾವುದೋ ಆದಿವಾಸಿ ಭಾಷೆಯ ಪದವಿರಬೇಕು ಎಂದುಕೊಂಡಿದ್ದೆ. ಅದೊಂದು ಪೋಲಿಷ್ ಅಡ್ಡಹೆಸರು, ಅದೂ ಪೋಲೆಂಡಿನಲ್ಲೇ ವಿರಳವಾದ ಅಡ್ಡಹೆಸರು ಎಂದು ತಿಳಿದದ್ದು ಬಹಳ ತಡವಾಗಿ.

ಮೊದಲು ಉಚ್ಚಾರ ಮುಗಿಸಿಬಿಡೋಣ. ಪೋಲಿಷ್‌ನಲ್ಲಿ ಇದನ್ನು ಹೆಚ್ಚುಕಡಿಮೆ ‘ಕೊಶ್ಚುಷ್ಕೊ’ ಎನ್ನುತ್ತಾರೆ. ಇಂಗ್ಲಿಷಿನವರು ಇದರಲ್ಲಿ ಎಡವುವುದಕ್ಕೆ ಕಾರಣವಿದೆ. ಹೆಸರಿನಲ್ಲಿ ಎರಡು ಬೇರೆ ಬೇರೆ ‘ಶ’ಕಾರಗಳಿವೆ: ಮೊದಲನೆಯದು ನಾಲಿಗೆಯನ್ನು ಅಂಗುಳಕ್ಕೆ ಹತ್ತಿರ ತಂದು ಮೆತ್ತಗೆ ಹೇಳುವುದು, ಎರಡನೆಯದು ನಾಲಿಗೆಯನ್ನು ಹಿಂದಕ್ಕೆಳೆದು ಗಡುಸಾಗಿ ಹೇಳುವುದು. ಪೋಲಿಷ್ ಬರವಣಿಗೆ ಒಂದನ್ನು ‘ಎಸ್’ ಮೇಲೆ ಓರೆಗೀಟು ಎಳೆದು ತೋರಿಸಿದರೆ, ಇನ್ನೊಂದನ್ನು ‘ಎಸ್’ ಪಕ್ಕ ‘ಝಡ್’ ಇಟ್ಟು ತೋರಿಸುತ್ತದೆ. ಇಂಗ್ಲಿಷ್ ಲಿಪಿಗೆ ಬರುವಾಗ ಓರೆಗೀಟು ಉದುರಿತು, ‘ಝಡ್’ ಏಕೆಂದು ತಿಳಿಯದೆ ಎಷ್ಟೋ ಕಡೆ ಅದೂ ಉದುರಿತು. ಕನ್ನಡಕ್ಕೆ ಆ ಪೇಚಾಟವೇ ಇಲ್ಲ. ತಾಲವ್ಯದ ಶ, ಮೂರ್ಧನ್ಯದ ಷ ಎರಡೂ ನಮ್ಮ ವರ್ಣಮಾಲೆಯಲ್ಲಿ ಅಕ್ಕಪಕ್ಕ ಕೂತಿವೆ. ಮಾತಿನಲ್ಲಿ ನಾವು ಆ ಭೇದವನ್ನು ಎಂದೋ ಅಳಿಸಿಕೊಂಡಿದ್ದೇವೆ, ನಿಜ. ಆದರೂ ‘ಷ ಯಾಕೆ ಬೇಕು’ ಎಂದು ಕೇಳುವ ಮಕ್ಕಳಿಗೆ ಇನ್ನು ಮುಂದೆ ಹೇಳಲು ಒಂದು ಉತ್ತರವಿದೆ: ಪೋಲೆಂಡಿನ ಒಬ್ಬ ದಂಡನಾಯಕನ ಹೆಸರನ್ನು ಸರಿಯಾಗಿ ಬರೆಯುವುದಕ್ಕೆ.

ಈ ಹೆಸರು ಎಲ್ಲಿಂದ ಬಂತು? ಪೋಲಿಷ್ ಬಲ್ಲವನ ಕಿವಿಗೆ ತಟ್ಟನೆ ಒಂದೆರಡು ಅರ್ಥ ಹೊಳೆಯುತ್ತವೆ. ‘ಕೊಶ್ಚ್’ ಎಂದರೆ ಮೂಳೆ. ‘ಕೊಸ’ ಎಂದರೆ ಉದ್ದ ಹಿಡಿಯ ಕುಡುಗೋಲು. ಈ ಹೆಸರಿನ ನಾಯಕ ಮುಂದೆ ಕುಡುಗೋಲು ಹಿಡಿದ ರೈತರನ್ನೇ ಯುದ್ಧಕ್ಕೆ ಕರೆದೊಯ್ದ ಕಾರಣ ಆ ಅರ್ಥವಂತೂ ಹೇಳಿ ಮಾಡಿಸಿದಂತಿದೆ. ಎರಡೂ ತಪ್ಪು. ಮೂಲ ಬಹಳ ಸರಳ, ಮನೆಯೊಳಗಿನದು. ಕೊನ್‌ಸ್ತಾಂತಿ ಎಂಬ ಹೆಸರನ್ನು ಮೊಟಕು ಮಾಡಿದರೆ ಕೊಸ್ತ್ಯ. ಶ್ರೀನಿವಾಸ ಸೀನನಾದಂತೆ, ನಾರಾಯಣ ನಾಣಿಯಾದಂತೆ. ಕೊಸ್ತ್ಯನಿಗೆ ಇನ್ನಷ್ಟು ಅಕ್ಕರೆಯ ಬಾಲ ಅಂಟಿಸಿದರೆ ಕೊಸ್ತ್ಯುಷ್ಕೊ.

ಹಾಗೆ ಕರೆಸಿಕೊಂಡ ಮನುಷ್ಯ ಯಾರೆಂದೂ ಗೊತ್ತಿದೆ. ಕೊನ್‌ಸ್ತಾಂತಿ ಫ್ಯೋದೊರೊವಿಚ್, ಅಂದರೆ ಫ್ಯೋದೊರನ ಮಗ ಕೊನ್‌ಸ್ತಾಂತಿ. ಪೋಲೆಂಡಿನ ರಾಜನೂ ಲಿಥುವೇನಿಯಾದ ಮಹಾಪ್ರಭುವೂ ಆಗಿದ್ದ ಒಂದನೇ ಸಿಗಿಸ್ಮಂಡನ ಆಸ್ಥಾನದಲ್ಲಿದ್ದವನು. 1509ರಲ್ಲಿ ರಾಜ ಅವನಿಗೆ ಶೆಖ್ನೊವಿಚೆ ಎಂಬ ಹಳ್ಳಿಯನ್ನು ಉಂಬಳಿ ಕೊಟ್ಟ. ಆ ಊರು ಇಂದಿನ ಬೆಲಾರೂಸಿನಲ್ಲಿ, ಬ್ರೆಸ್ತ್ ಸೀಮೆಯಲ್ಲಿದೆ. ಆ ಕಾಲಕ್ಕೆ ಲಿಥುವೇನಿಯಾದ ಕಡತಗಳನ್ನು ಬರೆಯುತ್ತಿದ್ದುದು ಲಿಥುವೇನಿಯನ್ ಭಾಷೆಯಲ್ಲೂ ಅಲ್ಲ, ಪೋಲಿಷ್‌ನಲ್ಲೂ ಅಲ್ಲ. ರುಥೇನಿಯನ್ ಎಂಬ ಪೂರ್ವ ಸ್ಲಾವ್ ಭಾಷೆಯಲ್ಲಿ. ಇಂದಿನ ಬೆಲಾರೂಸಿಯನ್ ಮತ್ತು ಉಕ್ರೇನಿಯನ್‌ಗಳ ಪೂರ್ವಿಕ ಅದು. ಕೊಸ್ತ್ಯುಷ್ಕೊ ಎಂಬುದರ ರಾಗ ಆ ನುಡಿಯದು. ಮುಂದಿನ ತಲೆಮಾರುಗಳಲ್ಲಿ ಆ ಸೀಮೆಯ ಗಣ್ಯರು ಮನೆಯಲ್ಲೂ ಪೋಲಿಷ್ ಆಡತೊಡಗಿದಾಗ ಹೆಸರೂ ಬಾಯಿ ಬದಲಿಸಿತು. ಪೋಲಿಷ್ ನಾಲಿಗೆಯಲ್ಲಿ ಮೆತ್ತನೆಯ ‘ತ್ಯ’ ಉಳಿಯುವುದಿಲ್ಲ, ‘ಚ’ ಆಗುತ್ತದೆ. ನಮ್ಮಲ್ಲಿ ನಿತ್ಯ ನಿಚ್ಚವಾಗಲಿಲ್ಲವೇ, ಹಾಗೆ. ಕೊಸ್ತ್ಯುಷ್ಕೊ ಕೊಶ್ಚುಷ್ಕೊ ಆದದ್ದು ಹೀಗೆ.

ಇದರಲ್ಲಿ ನನಗೆ ಸೋಜಿಗವೆನಿಸುವುದು ಬೇರೆಯೇ. ಉಂಬಳಿ ಸಿಕ್ಕ ಮೇಲೆ ಆ ಮನೆತನಕ್ಕೆ ಅಡ್ಡಹೆಸರು ರೆಡಿಯಾಗಿತ್ತು. ಪೋಲೆಂಡಿನ ಕುಲೀನರ ರೂಢಿಯಂತೆ ಹಳ್ಳಿಯ ಹೆಸರಿಗೆ ‘ಸ್ಕಿ’ ಹಚ್ಚಿದರೆ ಮುಗಿಯಿತು: ಇಂಥ ಊರಿನ ಒಡೆಯ ಎಂದರ್ಥ. ಮೇರಿ ಕ್ಯೂರಿಯ ತವರಿನ ಹೆಸರು ಸ್ಕ್ವೊದೊಫ್ಸ್ಕ ಕೂಡ ಸ್ಕ್ವೊದಿ ಎಂಬ ಊರಿನಿಂದ ಬಂದದ್ದೇ. ಕೊಸ್ತ್ಯನ ವಂಶದವರೂ ಶೆಖ್ನೊವಿತ್ಸ್ಕಿ ಎಂದು ಬರೆದುಕೊಂಡದ್ದುಂಟು, ಎರಡನ್ನೂ ಜೋಡಿಸಿ ಕೊಶ್ಚುಷ್ಕೊ-ಶೆಖ್ನೊವಿತ್ಸ್ಕಿ ಎಂದೂ ಬರೆದುಕೊಂಡರು. ಕೊನೆಗೆ ಜಮೀನಿನ ಹೆಸರು ಹಿಂದೆ ಬಿತ್ತು, ಅಜ್ಜನ ಮುದ್ದಿನ ಹೆಸರು ಉಳಿಯಿತು. ಜಮೀನು ಅಂಥ ದೊಡ್ಡದೇನೂ ಆಗಿರಲಿಲ್ಲ.

ಈ ಆಯ್ಕೆಯಿಂದಲೇ ಹೆಸರು ವಿರಳವೂ ಆಯಿತು. ಪೋಲೆಂಡಿನಲ್ಲಿ ಬಹುಸಂಖ್ಯಾತ ಅಡ್ಡಹೆಸರು ನೊವಾಕ್, ಅಂದರೆ ಹೊಸಬ. ಎರಡು ಲಕ್ಷದ ಆಸುಪಾಸು ಜನ ಅದನ್ನು ಹೊತ್ತಿದ್ದಾರೆ. ಅದರ ಹಿಂದೆಯೇ ಕೊವಾಲ್ಸ್ಕಿ, ಕಮ್ಮಾರನ ಕಡೆಯವನು. ಹೊಸಬ ಯಾವ ಊರಿಗಾದರೂ ಬರಬಹುದು, ಕಮ್ಮಾರ ಎಲ್ಲ ಊರಲ್ಲೂ ಇರುತ್ತಾನೆ. ಆದ್ದರಿಂದ ಆ ಹೆಸರುಗಳು ಸಾವಿರ ಕಡೆ ಬೇರೆ ಬೇರೆಯಾಗಿ ಹುಟ್ಟಿಕೊಂಡವು. ಕೊನ್‌ಸ್ತಾಂತಿಯ ಮುದ್ದು ರೂಪಗಳೂ ಪೂರ್ವದಲ್ಲಿ ಬೇಕಾದಷ್ಟಿವೆ. ಉಕ್ರೇನಿನ ಕವಯಿತ್ರಿ ಲೀನಾ ಕೊಸ್ತೆಂಕೊ, ಟೆನಿಸ್ ಆಡುವ ಮಾರ್ತಾ ಕೊಸ್ತ್ಯುಕ್ ಇಬ್ಬರ ಅಡ್ಡಹೆಸರಿನಲ್ಲೂ ಅದೇ ಹೆಸರು ಕೂತಿದೆ. ಆದರೆ ಪೂರ್ವದಲ್ಲಿ ಹುಟ್ಟಿ, ಪೋಲಿಷ್ ಬಾಯಲ್ಲಿ ಸವೆದು, ‘ಕೊಶ್ಚುಷ್ಕೊ’ ಎಂಬ ಇದೇ ಆಕಾರಕ್ಕೆ ಬಂದು ನಿಂತ ಮನೆಗಳು ಕಡಿಮೆ. ಈಗಲೂ ಆ ಹೆಸರಿನವರು ಇದ್ದಾರೆ. ಅವರೆಲ್ಲ 1509ರ ಕೊನ್‌ಸ್ತಾಂತಿಯ ಸಂತತಿಯೇ ಆಗಿರಬೇಕಿಲ್ಲ. ಮಗನನ್ನು ಕೊಸ್ತ್ಯ ಎಂದು ಮುದ್ದಿನಿಂದ ಕರೆಯಲು ಯಾರಿಗೂ ರಾಜನ ಅಪ್ಪಣೆ ಬೇಕಿರಲಿಲ್ಲವಲ್ಲ.

ಹೆಸರಿಗೆ ಹೆಸರು ತಂದವನು ತದೆಉಷ್ ಕೊಶ್ಚುಷ್ಕೊ. ಹುಟ್ಟಿದ್ದು 1746ರಲ್ಲಿ, ಬೆಲಾರೂಸಿನ ಕೊಸೊವ ಪಟ್ಟಣದ ಬಳಿಯ ಮೆರೆಚೊವ್‌ಶ್ಚಿಜ್ನ ಎಂಬ ಮನೆಯಲ್ಲಿ. ವಾರ್ಸಾದ ಸೈನಿಕ ಶಾಲೆ, ಪ್ಯಾರಿಸ್‌ನಲ್ಲಿ ಓದು, ಊರಿಗೆ ಮರಳಿದ ಮೇಲೆ ದೊಡ್ಡ ಮನೆತನದ ಲುದ್ವೀಕಾ ಎಂಬ ಹುಡುಗಿಯ ಮೇಲೆ ಪ್ರೀತಿ, ಅವಳ ಅಪ್ಪನ ಸಿಟ್ಟು. ಬಡ ಕುಲೀನನಿಗೆ ಹೆಣ್ಣು ಸಿಗಲಿಲ್ಲ. 1776ರಲ್ಲಿ ಅಮೆರಿಕಕ್ಕೆ ಹೋಗಿ ಸ್ವಾತಂತ್ರ್ಯ ಯುದ್ಧದಲ್ಲಿ ಸೇನೆಯ ಎಂಜಿನಿಯರ್ ಆದ. ಸರಟೋಗದಲ್ಲಿ ಬ್ರಿಟಿಷರು ಶರಣಾಗುವುದಕ್ಕೆ ಕಾರಣವಾದ ಕೋಟೆಕಟ್ಟು ಅವನ ಯೋಜನೆ. ಆಮೇಲೆ ವೆಸ್ಟ್ ಪಾಯಿಂಟ್ ಕೋಟೆ.

ಅವನ ಕೆಲಸ ಅಮೆರಿಕನ್ನರಿಗೆ ಹಿಡಿಸಿತು, ಹೆಸರು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. 1777ರ ನವೆಂಬರಿನಲ್ಲಿ ಜಾರ್ಜ್ ವಾಷಿಂಗ್ಟನ್ ಕಾಂಗ್ರೆಸ್ಸಿಗೆ ಬರೆದ ಪತ್ರವೊಂದರಲ್ಲಿ, ಉತ್ತರದ ಸೇನೆಯಲ್ಲಿರುವ ಎಂಜಿನಿಯರ್ ಒಳ್ಳೆಯ ವಿದ್ಯಾವಂತ ಎಂದು ಹೊಗಳುತ್ತ, ಆತನ ಹೆಸರು ‘ಕೊಸಿಯೆಸ್ಕಿ’ ಇರಬೇಕು ಎಂದು ಆವರಣದೊಳಗೆ ಅನುಮಾನಿಸುತ್ತಾನೆ. ಪೋಲೆಂಡಿನವನೆಂದ ಮೇಲೆ ‘ಸ್ಕಿ’ ಇರಲೇಬೇಕಲ್ಲ! ಪೂರ್ವಿಕರು ಬಿಟ್ಟ ಬಾಲವನ್ನು ಅಮೆರಿಕದ ಸೇನಾಪತಿ ಪುನಃ ಹಚ್ಚಿಕೊಟ್ಟಂತಾಯಿತು.

ಪೋಲೆಂಡಿಗೆ ಮರಳಿದ ಕೊಶ್ಚುಷ್ಕೊ 1794ರ ಮಾರ್ಚ್ 24ರಂದು ಕ್ರಾಕೊವ್ ನಗರದ ಸಂತೆ ಚೌಕದಲ್ಲಿ ಪ್ರತಿಜ್ಞೆ ಮಾಡಿ ರಷ್ಯಾದ ವಿರುದ್ಧ ದಂಗೆಯ ನೇತೃತ್ವ ವಹಿಸಿದ. ಹನ್ನೊಂದು ದಿನಗಳಲ್ಲಿ ರತ್ಸ್‌ವಾವಿತ್ಸೆ ಎಂಬಲ್ಲಿ ಮೊದಲ ಗೆಲುವು. ಹೆಸರಿನ ಕಥೆ ಹೇಳುವವನು ಅಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಆ ದಿನ ಒಂದು ಅಡ್ಡಹೆಸರು ಎಲ್ಲರ ಕಣ್ಣೆದುರಿಗೇ ಹುಟ್ಟಿತು. ಕುಡುಗೋಲಿನ ಅಲಗನ್ನು ಕೋಲಿಗೆ ನೆಟ್ಟಗೆ ಸಿಕ್ಕಿಸಿಕೊಂಡು ಬಂದ ಜೀತದಾಳುಗಳಲ್ಲಿ ಬಾರ್ತೊಷ್ ಎಂಬವನೊಬ್ಬ. ರಷ್ಯನ್ನರ ಫಿರಂಗಿಯ ಬತ್ತಿಗೆ ಕಿಡಿ ತಾಗಿತ್ತು. ನುಗ್ಗಿ ಹೋದವನೇ ತನ್ನ ಟೋಪಿಯನ್ನು ಅದರ ಮೇಲೆ ಮುಚ್ಚಿ ಆರಿಸಿದ ಎನ್ನುತ್ತದೆ ಪೋಲೆಂಡಿನ ಪ್ರತಿ ಮಗುವೂ ಕೇಳಿರುವ ಕಥೆ. ಕೊಶ್ಚುಷ್ಕೊ ಅವನನ್ನು ಸೇನೆಯಲ್ಲಿ ಅಧಿಕಾರಿ ಮಾಡಿದ. ಜೀತದಿಂದ ಬಿಡುಗಡೆಯಾಯಿತು, ಜೊತೆಗೆ ಗ್ವೊವಾತ್ಸ್ಕಿ ಎಂಬ ಅಡ್ಡಹೆಸರೂ ಬಂತು. ‘ಗ್ವೊವ’ ಎಂದರೆ ತಲೆ. ಕೊನೆಗೆ ಕುಲೀನರ ಬಾಲ. ನೆಲದೊಡೆಯರು ಊರಿನ ಹೆಸರಿಗೆ ಹಚ್ಚಿಕೊಂಡಿದ್ದನ್ನು ನೆಲವಿಲ್ಲದವನು ಗಳಿಸಿಕೊಂಡ. ಹೊಸ ಹೆಸರಿನಲ್ಲಿ ಅವನು ಬದುಕಿದ್ದು ಎರಡು ತಿಂಗಳ ಸುತ್ತಮುತ್ತ. ಜೂನ್‌ನ ಕಾಳಗದಲ್ಲಿ ಗಾಯಗೊಂಡು ಸತ್ತ.

ದಂಗೆಯೂ ಸೋತಿತು. ಅಕ್ಟೋಬರಿನಲ್ಲಿ ಕೊಶ್ಚುಷ್ಕೊ ಗಾಯಗೊಂಡು ಸೆರೆಸಿಕ್ಕ, ಮರುವರ್ಷ ಪೋಲೆಂಡ್ ಎಂಬ ದೇಶವೇ ಭೂಪಟದಿಂದ ಅಳಿಸಿಹೋಯಿತು. ರಷ್ಯಾದ ಸೆರೆಯಿಂದ ಬಿಡುಗಡೆಯಾಗಿ ಮತ್ತೊಮ್ಮೆ ಅಮೆರಿಕಕ್ಕೆ ಹೋಗಿಬಂದ ಅವನು ಕಡೆಗೆ 1817ರಲ್ಲಿ ಸ್ವಿಟ್ಜರ್ಲೆಂಡಿನ ಸೊಲೊಥರ್ನ್‌ನಲ್ಲಿ ತೀರಿಕೊಂಡ. ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ.

ಅವನ ಉಯಿಲಿನ ಪ್ರಕರಣದಲ್ಲಿ ಈ ಹೆಸರಿನ ಗತಿ ಸ್ಪಷ್ಟವಾಗಿ ಕಾಣುತ್ತದೆ. 1798ರಲ್ಲಿ ಅಮೆರಿಕ ಬಿಡುವಾಗ, ಅಲ್ಲಿನ ತನ್ನ ಹಣದಿಂದ ಗುಲಾಮರನ್ನು ಬಿಡಿಸಿ ಅವರಿಗೆ ವಿದ್ಯೆ ಕೊಡಿಸಬೇಕೆಂದು ಬರೆದು ಗೆಳೆಯ ಥಾಮಸ್ ಜೆಫರ್ಸನ್‌ನ ಕೈಗೆ ಕೊಟ್ಟಿದ್ದ. ಗುಲಾಮರನ್ನು ಇಟ್ಟುಕೊಂಡಿದ್ದ ಜೆಫರ್ಸನ್, ಸಮಯ ಬಂದಾಗ ಆ ಹೊಣೆಯಿಂದ ಕೈತೊಳೆದುಕೊಂಡ. ಕೊಶ್ಚುಷ್ಕೊ ಯೂರೋಪಿನಲ್ಲಿ ಬೇರೆ ಉಯಿಲುಗಳನ್ನೂ ಬರೆದಿದ್ದರಿಂದ ವ್ಯಾಜ್ಯ ಹಬ್ಬಿ, ಅಮೆರಿಕದ ಸುಪ್ರೀಂ ಕೋರ್ಟ್ 1852ರಲ್ಲಿ ಆಸ್ತಿ ರಕ್ತಸಂಬಂಧಿಗಳಿಗೆ ಸೇರಬೇಕೆಂದು ತೀರ್ಪಿತ್ತಿತು. ಆ ಹಣದಿಂದ ಒಬ್ಬ ಗುಲಾಮನೂ ಬಿಡುಗಡೆಯಾಗಲಿಲ್ಲ. ಹಣ ಸಿಕ್ಕ ಸಂಬಂಧಿಗಳು ಯಾರು? ಅವನ ಅಕ್ಕಂದಿರ ಸಂತಾನ. ಎಸ್ತ್‌ಕೊ ಮುಂತಾದ ಬೇರೆ ಮನೆತನದ ಹೆಸರಿನವರು. ಕೊಶ್ಚುಷ್ಕೊನ ಆಸ್ತಿ ಪಡೆದ ಸಂಬಂಧಿಗಳ ಸಾಲಿನಲ್ಲಿ ಕೊಶ್ಚುಷ್ಕೊ ಎಂಬ ಅಡ್ಡಹೆಸರಿನವರೇ ಇರಲಿಲ್ಲ.

ಮನೆಯಲ್ಲಿ ಬೆಳೆಯದ ಹೆಸರು ಅಷ್ಟರಲ್ಲಾಗಲೇ ಊರೂರಿಗೆ ಅಂಟಿಕೊಳ್ಳತೊಡಗಿತ್ತು. ಕ್ರಾಕೊವ್‌ನ ಜನ 1820ರಿಂದ 1823ರವರೆಗೆ ಬುಟ್ಟಿ, ಗಾಡಿಗಳಲ್ಲಿ ಮಣ್ಣು ಹೊತ್ತು ತಂದು, ರತ್ಸ್‌ವಾವಿತ್ಸೆ ರಣರಂಗದ ಮಣ್ಣನ್ನೂ ಬೆರೆಸಿ, ಅವನ ನೆನಪಿಗೊಂದು ದಿಬ್ಬ ಕಟ್ಟಿದರು. ಮಿಸಿಸಿಪ್ಪಿಯಲ್ಲಿ ಈ ಹೆಸರಿನ ಪಟ್ಟಣವಿದೆ, ಓಪ್ರಾ ವಿನ್‌ಫ್ರೇ ಹುಟ್ಟಿದ ಊರು. ಇಂಡಿಯಾನಾದಲ್ಲಿ ಈ ಹೆಸರಿನ ಜಿಲ್ಲೆಯಿದ್ದು, ಅದರ ಕೇಂದ್ರದ ಹೆಸರೇ ವಾರ್ಸಾ. ಎರಡು ಕಡೆಯೂ ‘ಝಡ್’ ಇಲ್ಲ. ನ್ಯೂಯಾರ್ಕಿನ ಸೇತುವೆಗೆ ‘ಝಡ್’ ಇದೆ. 1940ರ ಬ್ರಿಟನ್ ಕದನದಲ್ಲಿ ಪೋಲಿಷ್ ವಿಮಾನಿಗಳ 303ನೇ ಸ್ಕ್ವಾಡ್ರನ್‌ಗೆ ಈ ಹೆಸರಿತ್ತು. ಅವರ ಲಾಂಛನದಲ್ಲಿ ಕುಡುಗೋಲು. ಮೂರು ವರ್ಷದ ನಂತರ ಸೋವಿಯತ್ ನೆಲದಲ್ಲಿ ಸ್ಟಾಲಿನ್‌ನ ಒಪ್ಪಿಗೆಯಿಂದ ಕಟ್ಟಿದ ಪೋಲಿಷ್ ಪಡೆಗೂ ಇದೇ ಹೆಸರು. ಎದುರುಬದುರು ಬಣಗಳೆರಡೂ ಒಬ್ಬನನ್ನೇ ಅಜ್ಜ ಎಂದವು.

ಪೋಲೆಂಡಿನೊಳಗೆ ಈ ಹೆಸರು ಹೆಚ್ಚು ಕಣ್ಣಿಗೆ ಬೀಳುವುದು ಬೀದಿಯ ಫಲಕಗಳಲ್ಲಿ. ಆದರೆ ಅಲ್ಲಿ ‘ಕೊಶ್ಚುಷ್ಕೊ’ ಎಂದು ಹುಡುಕಿದರೆ ಸಿಗುವುದಿಲ್ಲ. ಫಲಕದಲ್ಲಿರುವುದು ‘ಕೊಶ್ಚುಷ್ಕಿ’: ಷಷ್ಠಿ ವಿಭಕ್ತಿ, ಕೊಶ್ಚುಷ್ಕೊನ ಬೀದಿ. ಓಕಾರದಲ್ಲಿ ಮುಗಿಯುವ ಇಂಥ ಹೆಸರು ಗಂಡಸಿನದಾದರೂ ವಿಭಕ್ತಿ ಹತ್ತುವುದು ಸ್ತ್ರೀಲಿಂಗದ ಪದಗಳ ಹಾಗೆ; ಹೆಂಗಸಿನದಾದರೆ ಯಾವ ವಿಭಕ್ತಿಯೂ ಹತ್ತುವುದಿಲ್ಲ. ಕೊವಾಲ್ಸ್ಕಿಯ ಹೆಂಡತಿ ಕೊವಾಲ್ಸ್ಕಾ ಆಗುತ್ತಾಳೆ, ಕೊಶ್ಚುಷ್ಕೊನ ಹೆಂಡತಿ ಕೊಶ್ಚುಷ್ಕೊ ಆಗಿಯೇ ಇರುತ್ತಾಳೆ. ವ್ಯಾಕರಣ ಮಾಡಿದವರಿಗೆ ತಲೆಕೆರೆತ, ಆ ಹೆಸರಿನವರಿಗೆ ಅಭ್ಯಾಸ.

ಇನ್ನು ಆಸ್ಟ್ರೇಲಿಯಾದ ಬೆಟ್ಟ. ಅದನ್ನು 1840ರಲ್ಲಿ ಹತ್ತಿದವನು ಪೋಲೆಂಡಿನ ಅನ್ವೇಷಕ ಪಾವೆವ್ ಎದ್ಮುಂದ್ ಸ್ತ್‌ಷೆಲೆತ್ಸ್ಕಿ. (ಇವನ ಹೆಸರಿನಲ್ಲಿರುವುದು ‘ಸ್ತ್‌ಷೆಲೆತ್ಸ್’, ಗುರಿಕಾರ. ಆ ಹೆಸರೂ ಅಲ್ಲೊಂದು ಮರುಭೂಮಿಗೆ ಅಂಟಿದೆ.) ಶಿಖರದ ಆಕಾರ ಅವನಿಗೆ ಕ್ರಾಕೊವ್‌ನ ಆ ಮಣ್ಣಿನ ದಿಬ್ಬದಂತೆ ಕಂಡಿತು. ಸುತ್ತಲಿನದು ನ್ಗರಿಗೊ ಜನರ ನೆಲ, ಬೆಟ್ಟವೇನೂ ಅನಾಥವಾಗಿರಲಿಲ್ಲ. ಆದರೆ ಭೂಪಟಕ್ಕೇರಿದ್ದು ಅವನಿಟ್ಟ ಹೆಸರು. ಅದೂ ‘ಝಡ್’ ಕಳೆದುಕೊಂಡು. ಬಿದ್ದುಹೋದ ಅಕ್ಷರವನ್ನು ನ್ಯೂ ಸೌತ್ ವೇಲ್ಸ್ ಸರ್ಕಾರ ಅಧಿಕೃತವಾಗಿ ಹಿಂದಿರುಗಿಸಿದ್ದು 1997ರಲ್ಲಿ. ಫಲಕಗಳು ಬದಲಾದವು, ಬಾಯಿ ಬದಲಾಗಲಿಲ್ಲ. ‘ಕಾಜಿಯಾಸ್ಕೊ’ ಎಂದೇ ಅಲ್ಲಿನವರು ಹೇಳುವುದು. ಚಳಿಗಾಲದಲ್ಲಿ ಹಿಮದ ಮೇಲೆ ಜಾರಲು ಹೋಗುವವರಿಗೆ ಅಷ್ಟು ಹೇಳಲೂ ಪುರುಸೊತ್ತಿಲ್ಲ, ಬೆಟ್ಟವನ್ನು ಮೊಟಕು ಮಾಡಿ ಅಕ್ಕರೆಯಿಂದ ‘ಕಾಜಿ’ ಎನ್ನುತ್ತಾರೆ.