ದಂಡಿನ ಮಕ್ಕಳೂ ಶಿಕ್ಷಣದ ಹಕ್ಕೂ

ಬೆಂಗಳೂರಿನ ದಂಡುಪ್ರದೇಶಕ್ಕೆ ಶಾಲೆಗಳ ಕೊರತೆ ಎಂದೂ ಇದ್ದುದಲ್ಲ. ಸೇಂಟ್ ಜೋಸೆಫ್ ಶಾಲೆ 1858ರಲ್ಲಿಯೂ, ಬಿಷಪ್ ಕಾಟನ್ ಶಾಲೆ 1865ರಲ್ಲಿಯೂ, ಬಾಲ್ಡ್‌ವಿನ್ ಶಾಲೆ 1880ರಲ್ಲಿಯೂ ಆರಂಭವಾದುವು. ಅಂದಿನ ಇಂತಹ ಶಾಲೆಗಳಲ್ಲಿ ಹಲವು ಐರೋಪ್ಯರ ಹಾಗೂ ಆಂಗ್ಲೋ-ಇಂಡಿಯನ್ನರ ಮಕ್ಕಳಿಗಾಗಿಯೇ ಹುಟ್ಟಿದುವು. ಶಿವಾಜಿನಗರದ ಮಾರುಕಟ್ಟೆಯಲ್ಲಿ ಮೂಟೆ ಹೊರುವವನ ಮಗನಿಗೆ ಶಾಲೆಯ ಗಂಟೆ ಕೇಳಿಸುತ್ತಿದ್ದರೂ ಬಾಗಿಲು ದೂರವೇ ಆಗಿತ್ತು.

ಮೈಸೂರು ಸಂಸ್ಥಾನವು 1913ರಲ್ಲಿಯೇ ಪ್ರಾಥಮಿಕ ಶಿಕ್ಷಣದ ಕಾಯಿದೆಯನ್ನು ತಂದು, ಆಯ್ದ ಸ್ಥಳಗಳಲ್ಲಿ ಶಿಕ್ಷಣವನ್ನು ಕಡ್ಡಾಯಗೊಳಿಸಲು ದಾರಿ ಮಾಡಿತು. ಆದರೆ 1881ರಿಂದ 1947ರವರೆಗೆ ದಂಡು ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿದ್ದುದರಿಂದ ಸಂಸ್ಥಾನದ ಕಾಯಿದೆ ಅಲ್ಲಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದೇ ಊರು, ಎರಡು ಆಳ್ವಿಕೆ!

2002ರ ಸಂವಿಧಾನ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಸಾರಿತು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅನುದಾನರಹಿತ ಖಾಸಗಿ ಶಾಲೆಗಳು ಒಂದನೆಯ ತರಗತಿಯ ಸ್ಥಾನಗಳಲ್ಲಿ ಕನಿಷ್ಠ ಶೇಕಡಾ 25ನ್ನು ನೆರೆಹೊರೆಯ ಬಡ ಹಾಗೂ ಅವಕಾಶವಂಚಿತ ಮಕ್ಕಳಿಗೆ ಕೊಡತಕ್ಕದ್ದು, ಅದರ ವೆಚ್ಚವನ್ನು ಮಿತಿಯೊಳಗೆ ಸರಕಾರ ಭರಿಸತಕ್ಕದ್ದು ಎಂಬುದು ಅದರ ಮುಖ್ಯ ವಿಧಿಗಳಲ್ಲೊಂದು. ಕರ್ನಾಟಕದಲ್ಲಿ ಇದು 2012ರಿಂದ ಆಚರಣೆಗೆ ಬಂದಿತು.

ದಂಡಿನಲ್ಲಿ ಈ ವಿಧಿಯ ಫಲ ಬೇಗನೆ ಬಾಡಿತು. ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. ಹಳೆಯ ಮಿಷನರಿ ಶಾಲೆಗಳು ದಟ್ಟವಾಗಿರುವ ಪ್ರದೇಶದಲ್ಲಿ ಇದರ ಪರಿಣಾಮವೇನೆಂದು ಬಿಡಿಸಿ ಹೇಳಬೇಕಿಲ್ಲ. ಮುಂದೆ 2019-20ನೆಯ ಶಾಲಾವರ್ಷದಿಂದ, ನೆರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಈ ಸ್ಥಾನ ದೊರೆಯದೆಂದು ರಾಜ್ಯವು ನಿಯಮವನ್ನು ತಿದ್ದಿತು. ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಹಲಸೂರು, ಇಂದಿರಾನಗರಗಳಂತಹ ಒತ್ತಾದ ನಗರಭಾಗಗಳಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಬಹು ದೂರವಿರುವುದು ಅಪರೂಪ.

ಸರಕಾರದ ವಾದ ನಿರಾಧಾರವಾದುದಲ್ಲ. ಬೊಕ್ಕಸದ ಹಣ ಖಾಸಗಿ ಶಾಲೆಗೆ ಹರಿಯುತ್ತ ಸರಕಾರಿ ಶಾಲೆ ಬರಿದಾಗುವುದನ್ನು ಯಾರೂ ಬಯಸರು. ಆದರೆ ತಾಯಿತಂದೆಗಳು ಅರಸುತ್ತಿದ್ದುದು ಇಂಗ್ಲಿಷ್ ಮಾಧ್ಯಮವನ್ನು. ಅದೇ ವರ್ಷ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಲು ಸರಕಾರ ಮುಂದಾದುದು ಈ ಒತ್ತಡವನ್ನು ಒಪ್ಪಿಕೊಂಡಂತೆಯೇ ಸರಿ. ಮಾತೃಭಾಷೆಯ ಶಿಕ್ಷಣದ ಶ್ರೇಷ್ಠತೆಯನ್ನು ಪಂಡಿತರು ಎಷ್ಟೇ ಸಾರಲಿ, ಮನೆಯಲ್ಲಿ ಉರ್ದು ಅಥವಾ ತಮಿಳು, ಬೀದಿಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಎಂಬ ಸ್ಥಿತಿಯಲ್ಲಿರುವ ಶಿವಾಜಿನಗರದ ಸಂಸಾರಕ್ಕೆ ಆ ಆಯ್ಕೆ ಸುಲಭವಲ್ಲ.

ಇನ್ನೊಂದು ಕೊರತೆಯ ಮೇಲೆ ಗಮನ ಬಿದ್ದುದು ಕಡಮೆ. ಉಚಿತ ಸ್ಥಾನದ ಹಕ್ಕು ಎಂಟನೆಯ ತರಗತಿಗೆ ಮುಗಿಯುತ್ತದೆ. 2012ರಲ್ಲಿ ಒಂದನೆಯ ತರಗತಿಗೆ ಸೇರಿದ ಮಗು 2020ರಲ್ಲಿ ಎಂಟನ್ನು ಮುಗಿಸಿತು. ಆ ವೇಳೆಗೆ ಕೊರೋನಾ ಪಿಡುಗು ಬಂದು ಕೂಲಿ ನಿಂತಿದ್ದಿತು. ಒಂಬತ್ತನೆಯ ತರಗತಿಗೆ ಪೂರ್ಣ ಶುಲ್ಕ ತೆರಬೇಕು, ಇಲ್ಲವೇ ಎಂಟು ವರ್ಷ ಜೊತೆಗಿದ್ದ ಗೆಳೆಯರನ್ನು ಬಿಟ್ಟು ಬೇರೆ ಶಾಲೆಗೆ ಹೋಗಬೇಕು. ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಗೆ ಎರಡೇ ಮೆಟ್ಟಿಲಿರುವಾಗ ಏಣಿಯನ್ನು ತೆಗೆದಂತಾಯಿತು.

2014ರ ತೀರ್ಪನ್ನು ಮರುಪರಿಶೀಲಿಸಬೇಕೇ ಎಂಬ ಪ್ರಶ್ನೆಯನ್ನು 2025ರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಒಂಬತ್ತನೆಯ ತರಗತಿಯ ಪ್ರಶ್ನೆ ಅದರಲ್ಲಿ ಸೇರಿಲ್ಲ.