ಸೇವಾ ಜ್ಯೇಷ್ಠತೆ ಮತ್ತು ಪಾಳಿ ಆಯ್ಕೆ: ವಿಮಾನ ಸಂಸ್ಥೆಗಳ ಪದ್ಧತಿ ನಮಗೆಷ್ಟು ಅನ್ವಯ?

ಅಡಿಕೆ ಸುಗ್ಗಿಯಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ವರ್ತಕರನ್ನೂ ಲಾರಿ ಮಾಲೀಕರನ್ನೂ ಕಾಡುವ ಪ್ರಶ್ನೆಯೊಂದಿದೆ. ಹುಲಿಕಲ್ ಘಾಟಿಯ ರಾತ್ರಿ ಪ್ರಯಾಣಕ್ಕೆ ಯಾರನ್ನು ಕಳುಹಿಸಬೇಕು? ಹಬ್ಬದಂದು ಯಾರಿಗೆ ರಜೆ ನೀಡಬೇಕು? ಇದು ಕೇವಲ ಮಾಲೀಕನ ಮರ್ಜಿಗೆ ಬಿಟ್ಟ ವಿಷಯವಾದಾಗ ಅಸಮಾಧಾನ ಬೆಳೆದು, ನುರಿತ ಚಾಲಕರು ಸಂಸ್ಥೆಯನ್ನು ತೊರೆಯುವುದುಂಟು. ಇದೇ ಸಮಸ್ಯೆಗೆ ವಿಮಾನಯಾನ ಉದ್ಯಮವು ಕಂಡುಕೊಂಡಿರುವ ಪರಿಹಾರ ಗಮನಾರ್ಹವಾಗಿದೆ.

ಪದ್ಧತಿಯ ಸ್ವರೂಪ

ಅಮೆರಿಕದ ದೊಡ್ಡ ವಿಮಾನ ಸಂಸ್ಥೆಗಳಲ್ಲಿ ಪ್ರತಿಯೊಬ್ಬ ಪೈಲಟ್‌ಗೂ ಗಗನಸಖಿಗೂ ಸೇವೆಗೆ ಸೇರಿದ ದಿನಾಂಕದ ಆಧಾರದ ಮೇಲೆ ಜ್ಯೇಷ್ಠತಾ ಸಂಖ್ಯೆ ಇರುತ್ತದೆ. ಮುಂದಿನ ತಿಂಗಳ ಪ್ರಯಾಣಗಳ ಪಟ್ಟಿ ಪ್ರಕಟವಾದೊಡನೆ ಸಿಬ್ಬಂದಿ ತಮ್ಮ ಬೇಡಿಕೆಗಳನ್ನು ಸಲ್ಲಿಸುತ್ತಾರೆ. ಇದನ್ನೇ ‘ಬಿಡ್ಡಿಂಗ್’ ಎನ್ನುವರು. ನಮ್ಮ ಮಾರುಕಟ್ಟೆಯ ಅಡಿಕೆ ಟೆಂಡರಿನಲ್ಲಿ ಹೆಚ್ಚಿನ ದರ ಬರೆದವನಿಗೆ ಮಾಲು ಸಲ್ಲುತ್ತದೆ. ಅಲ್ಲಿ ದರದ ಸ್ಥಾನದಲ್ಲಿ ಸೇವಾವಧಿಯಿದೆ. ಹಿರಿಯರ ಬೇಡಿಕೆ ಮೊದಲು ಈಡೇರಿ, ಉಳಿದುದು ಕ್ರಮವಾಗಿ ಕಿರಿಯರಿಗೆ ಬರುತ್ತದೆ. ಕರೆ ಬಂದಾಗ ಹಾಜರಾಗಬೇಕಾದ ‘ಮೀಸಲು’ ಪಾಳಿ ಸಾಮಾನ್ಯವಾಗಿ ಕಿರಿಯರ ಪಾಲು. ಸಂಸ್ಥೆ ಬದಲಿಸಿದವರು ಹೊಸ ಸಂಸ್ಥೆಯಲ್ಲಿ ಪಟ್ಟಿಯ ಕೊನೆಗೆ ಸೇರುವುದರಿಂದ, ಅನುಭವಿಗಳು ಸುಲಭವಾಗಿ ಕೆಲಸ ಬಿಡುವುದಿಲ್ಲ.

ನಮ್ಮ ರಾಜ್ಯದಲ್ಲಿಯೂ ಕೆ.ಎಸ್.ಆರ್.ಟಿ.ಸಿ. ಚಾಲಕ ಮತ್ತು ನಿರ್ವಾಹಕರಿಗೆ ಜ್ಯೇಷ್ಠತೆಯ ಆಧಾರದ ಕೌನ್ಸೆಲಿಂಗ್ ಮೂಲಕ ಡ್ಯೂಟಿ ರೋಟಾ ಹಂಚುವ ಕ್ರಮವಿದೆ.

ಗುಣ ಮತ್ತು ದೋಷ

ನಿಯಮವು ಎಲ್ಲರಿಗೂ ಮೊದಲೇ ತಿಳಿದಿರುವುದರಿಂದ ಪಕ್ಷಪಾತದ ಆರೋಪಕ್ಕೆ ಅವಕಾಶ ಕಡಿಮೆ. ಆದರೆ ಕಷ್ಟದ ಪಾಳಿಗಳೆಲ್ಲ ಕಿರಿಯರ ಮೇಲೆಯೇ ಬೀಳುತ್ತವೆ. ಮಳೆಗಾಲದ ಮಂಜಿನಲ್ಲಿ ಘಾಟಿ ಇಳಿಯುವ ಕೆಲಸ ಸದಾ ಅನನುಭವಿಯದಾದರೆ ಅಪಾಯ ನಿಶ್ಚಿತ.

ಮತ್ತೊಂದು ಅಂಶವೂ ಇದೆ. ಭಾರತದಲ್ಲಿ 2025ರಲ್ಲಿ ಜಾರಿಗೆ ಬಂದ ನಿಯಮಗಳು ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48 ಗಂಟೆಗಳಿಗೆ ಏರಿಸಿ, ರಾತ್ರಿ ಹಾರಾಟವನ್ನೂ ಮಿತಿಗೊಳಿಸಿದವು. ಇದಕ್ಕೆ ತಕ್ಕ ಸಿದ್ಧತೆಯಿಲ್ಲದೆ ಇಂಡಿಗೊ ಸಂಸ್ಥೆಯು ಡಿಸೆಂಬರ್ 2025ರಲ್ಲಿ ಸಾವಿರಾರು ಹಾರಾಟಗಳನ್ನು ರದ್ದುಪಡಿಸಬೇಕಾಯಿತು. ಹಂಚಿಕೆ ಎಷ್ಟೇ ನ್ಯಾಯಯುತವಾಗಿದ್ದರೂ ಸಾಕಷ್ಟು ಸಿಬ್ಬಂದಿ ಇಲ್ಲದಿದ್ದರೆ ವ್ಯವಸ್ಥೆ ನಿಲ್ಲದು.

ಅಳವಡಿಸುವ ಬಗೆ

ಆರು ಚಾಲಕರಿರುವ ಸಂಸ್ಥೆಗೂ ಈ ಕ್ರಮ ಸಾಧ್ಯ:

1. ಸೇರಿದ ದಿನಾಂಕಗಳ ಜ್ಯೇಷ್ಠತಾ ಪಟ್ಟಿಯನ್ನು ಸಿದ್ಧಪಡಿಸಿ, ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು.

2. ತಿಂಗಳ ಆರಂಭಕ್ಕೆ ಮುನ್ನ ಪ್ರಯಾಣ ಹಾಗೂ ರಜೆಗಳ ಪಟ್ಟಿ ನೀಡಿ, ಬೇಡಿಕೆಯನ್ನು ಲಿಖಿತವಾಗಿ ಪಡೆಯಬೇಕು.

3. ಹಬ್ಬದ ರಜೆಯನ್ನು ಜ್ಯೇಷ್ಠತೆಯಿಂದ ಹೊರಗಿರಿಸಿ ಸರದಿಯಂತೆ ನೀಡಬೇಕು.

4. ಘಾಟಿಯ ರಾತ್ರಿ ಪ್ರಯಾಣಕ್ಕೆ ಅನುಭವಿಗಳನ್ನೇ ನೇಮಿಸಿ ವಿಶೇಷ ಭತ್ಯೆ ನೀಡಬೇಕು. ಅದನ್ನು ವೇತನ ಪುಸ್ತಕದಲ್ಲಿ ಪ್ರತ್ಯೇಕವಾಗಿ ದಾಖಲಿಸಬೇಕು.

5. ಕಾನೂನು ವಿಧಿಸಿದ ಕೆಲಸದ ಅವಧಿ ಮತ್ತು ವಾರದ ರಜೆಗೆ ಯಾರ ಬೇಡಿಕೆಯಿಂದಲೂ ಭಂಗ ಬರಬಾರದು.

ಇದಕ್ಕೆ ತಗಲುವ ವೆಚ್ಚ ಒಂದು ರಿಜಿಸ್ಟರು ಮತ್ತು ಒಂದಿಷ್ಟು ಭತ್ಯೆ. ಸುಗ್ಗಿಯ ನಡುವೆ ನುರಿತ ಚಾಲಕನೊಬ್ಬನನ್ನು ಕಳೆದುಕೊಳ್ಳುವ ನಷ್ಟದೊಂದಿಗೆ ಅದನ್ನು ತೂಗಿ ನೋಡುವುದು ಮಾಲೀಕರಿಗೆ ಹಿತಕರ.