ಹೊಸ ಬಡಾವಣೆಯಲ್ಲಿ ಮನೆ, ಪಕ್ಕದ ಮಹಡಿಯ ಮೇಲೆ ಬೇರೆ ಬಾವುಟ



ಕಳೆದ ತಿಂಗಳು ಜುಮಾ ನಮಾಝ್ ಮುಗಿದ ಮೇಲೆ ಒಬ್ಬ ಸಹೋದರರು ಎಲ್ಲರೂ ಹೋಗುವ ತನಕ ಕಾದು ನನ್ನ ಹತ್ತಿರ ಬಂದರು. "ಹಜರತ್, ಊರ ಹೊರಗಿನ ಹೊಸ ಲೇಔಟಿನಲ್ಲಿ ಒಂದು ಮನೆ ನೋಡಿದ್ದೇನೆ. ರಸ್ತೆ, ಚರಂಡಿ, ನಲ್ಲಿ ನೀರು ಎಲ್ಲ ಇದೆ. ಮಗಳ ಕಾಲೇಜೂ ಹತ್ತಿರ. ಆದರೆ ಪಕ್ಕದ ಮನೆಯ ಮಹಡಿಯ ಮೇಲೆ ನಮಗೆ ಆಗದ ಪಕ್ಷದ ಬಾವುಟ ಇದೆ. ತಗೊಳ್ಳಲೋ ಬೇಡವೋ?" ಎಂದು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ನಂತರದ ಜುಮಾ ಖುತ್ಬಾದಲ್ಲಿ ವಿವರಿಸಿದೆ. ಅದರ ಸಾರಾಂಶ ಇಲ್ಲಿದೆ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಇದೇ ಪ್ರಶ್ನೆ ಕೇಳಿದ ಇನ್ನೊಬ್ಬರಿಗೆ ನಾನು ಹಿಂದೆಮುಂದೆ ಯೋಚಿಸದೆ "ಬೇಡಪ್ಪಾ, ನಮ್ಮವರ ನಡುವೆಯೇ ಇರಿ" ಎಂದಿದ್ದೆ. ಅವರು ನನ್ನ ಮಾತು ಕೇಳಿ ಹಳೆಯ ಗಲ್ಲಿಯಲ್ಲೇ ಉಳಿದರು. ಒಂದು ರಾತ್ರಿ ಅವರ ತಂದೆಗೆ ಎದೆನೋವು ಬಂತು. ಗಲ್ಲಿಯೊಳಗೆ ಆಟೋ ಕೂಡ ಬರುವುದಿಲ್ಲ. ನಾಲ್ಕು ಜನ ಮಂಚ ಎತ್ತಿಕೊಂಡು ದೊಡ್ಡ ರಸ್ತೆಗೆ ಹೋಗಬೇಕಾಯಿತು. ಆ ನಾಲ್ವರಲ್ಲಿ ನಾನೂ ಒಬ್ಬ. ಅಲ್ಲಾಹನ ದಯೆಯಿಂದ ಹಿರಿಯರು ಉಳಿದರು. ಆದರೆ ನಾನು ಕೊಟ್ಟ ಸಲಹೆ ದೀನಿನಿಂದ ಬಂದದ್ದಲ್ಲ, ನನ್ನ ಭಯದಿಂದ ಬಂದದ್ದು ಎಂದು ಆ ರಾತ್ರಿ ಅರ್ಥವಾಯಿತು.

ಹಾಗಾದರೆ ದೀನ್ ಏನು ಹೇಳುತ್ತದೆ? ಮದೀನಾದಲ್ಲಿ ಬನೂ ಸಲಿಮಾ ಎಂಬ ಕುಲದವರ ಮನೆಗಳು ಮಸ್ಜಿದುನ್ನಬವಿಯಿಂದ ದೂರ ಇದ್ದವು. ಮಸೀದಿಯ ಹತ್ತಿರ ಜಾಗ ಖಾಲಿಯಾದಾಗ ಅವರು ಅಲ್ಲಿಗೆ ಬರಲು ಬಯಸಿದರು. ಪ್ರವಾದಿ(ಸ) ಅವರಿಗೆ ತಮ್ಮ ಮನೆಗಳಲ್ಲೇ ಇರುವಂತೆ ಹೇಳಿ, ಮಸೀದಿಗೆ ನಡೆದು ಬರುವ ಅವರ ಹೆಜ್ಜೆಗಳು ಬರೆಯಲ್ಪಡುತ್ತವೆ ಎಂದು ಶುಭವಾರ್ತೆ ಕೊಟ್ಟರು. ಊರಿನ ಅಂಚುಗಳು ಖಾಲಿಯಾಗುವುದು ಪ್ರವಾದಿ(ಸ) ಅವರಿಗೆ ಇಷ್ಟವಿರಲಿಲ್ಲ ಎಂದು ಬುಖಾರಿಯಲ್ಲಿ ಬಂದಿದೆ. ಆದ್ದರಿಂದ ಮಸೀದಿಯಿಂದ ದೂರ ಮನೆ ಮಾಡಿದವನ ದೀನ್ ದೂರವಾಯಿತು ಎಂದು ಯಾರೂ ಹೇಳಬಾರದು. ಹತ್ತಿರ ಇರುವುದೂ ಒಳ್ಳೆಯದೇ. ನಮಾಝ್, ಮಕ್ಕಳ ಕುರ್‌ಆನ್ ಕಲಿಕೆ, ವೃದ್ಧ ತಾಯಿಯ ನೆಮ್ಮದಿ, ಇವೆಲ್ಲ ಲೆಕ್ಕಕ್ಕೆ ಬರಬೇಕು. ಆದರೆ ಎರಡರಲ್ಲಿ ಯಾವುದೂ ಫರ್ಝ್ ಅಲ್ಲ.

ಎಲ್ಲರೂ ಒಂದೇ ಮೊಹಲ್ಲಾದಲ್ಲಿ ಒತ್ತಿಕೊಂಡಿರುವುದಕ್ಕೂ ನಾವು ಬೆಲೆ ತೆರುತ್ತಿದ್ದೇವೆ. 2006ರ ಸಾಚಾರ್ ಸಮಿತಿ ವರದಿ ಇದನ್ನೇ ಗುರುತಿಸಿತು. ಮುಸ್ಲಿಮರು ಒಂದೆಡೆ ಗುಂಪಾಗಿ ವಾಸಿಸುವ ಪ್ರದೇಶಗಳಲ್ಲಿ ನೀರು, ನೈರ್ಮಲ್ಯ, ಶಾಲೆಯಂಥ ಸೌಕರ್ಯಗಳ ವಿಷಯದಲ್ಲಿ ಆಡಳಿತದ ನಿರ್ಲಕ್ಷ್ಯ ಸುಲಭವಾಗುತ್ತದೆ ಎಂದಿತು. ಸಿಂಗಾಪುರದಲ್ಲಿ 1989ರಿಂದ ಸರಕಾರಿ ವಸತಿ ಕಟ್ಟಡಗಳಲ್ಲಿ ಚೀನೀಯರು, ಮಲಯರು, ಭಾರತೀಯರು ಬೆರೆತು ಇರುವಂತೆ ಸರಕಾರದ ನಿಯಮದಿಂದಲೇ ಮಿತಿ ಹಾಕಿದ್ದಾರೆ. ನಮ್ಮಲ್ಲಿ ಅಂಥ ನಿಯಮ ಇಲ್ಲ. ಇಲ್ಲಿ ಬೆರೆಯುವುದು ನಮ್ಮ ಮತ್ತು ನೆರೆಯವರ ಮನಸ್ಸಿಗೆ ಬಿಟ್ಟದ್ದು. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಮಾತ್ರ ಸಂವಿಧಾನದ 19ನೇ ವಿಧಿ ಎಲ್ಲ ನಾಗರಿಕರಿಗೂ ಕೊಟ್ಟಿದೆ.

ಇನ್ನು ಬಾವುಟದ ವಿಷಯ. 2023ರ ವಿಧಾನಸಭೆ ಚುನಾವಣೆಯನ್ನು ನೆನಪಿಸಿಕೊಳ್ಳಿ. ಕೂಡ್ಲಿಗಿಯಲ್ಲಿ ಕಾಂಗ್ರೆಸ್, ಹಗರಿಬೊಮ್ಮನಹಳ್ಳಿಯಲ್ಲಿ ಜೆಡಿಎಸ್, ಹಡಗಲಿಯಲ್ಲಿ ಬಿಜೆಪಿ, ಹರಪನಹಳ್ಳಿಯಲ್ಲಿ ಪಕ್ಷೇತರರು ಗೆದ್ದರು. ಅಕ್ಕಪಕ್ಕದ ನಾಲ್ಕು ಕ್ಷೇತ್ರ, ನಾಲ್ಕು ತೀರ್ಪು. ನಮ್ಮ ಭಾಗದಲ್ಲಿ ಒಂದೇ ರಾಜಕೀಯದ ಬೀದಿ ಹುಡುಕುತ್ತಾ ಹೊರಟರೆ ಮನೆ ಸಿಗುವುದು ಕಷ್ಟ. ಹರಪನಹಳ್ಳಿಯವರಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋದರು, 2018ರಲ್ಲಿ ಬಳ್ಳಾರಿಗೆ ಮರಳಿದರು, 2021ರಲ್ಲಿ ವಿಜಯನಗರ ಜಿಲ್ಲೆಯವರಾದರು. ಜಿಲ್ಲೆ ಬದಲಾಯಿತು, ಶಾಸಕರು ಬದಲಾದರು, ಪಕ್ಕದ ಮನೆಯವರು ಮಾತ್ರ ಅವರೇ ಇದ್ದಾರೆ.

ಸೂರಃ ಅನ್ನಿಸಾದ 36ನೇ ಆಯತ್‌ನಲ್ಲಿ ಅಲ್ಲಾಹನು ತಂದೆತಾಯಿ, ಬಂಧುಗಳು, ಅನಾಥರು, ಬಡವರ ಜೊತೆಗೇ ಹತ್ತಿರದ ನೆರೆಯವನಿಗೂ ಅಪರಿಚಿತ ನೆರೆಯವನಿಗೂ ಒಳಿತು ಮಾಡಲು ಆಜ್ಞಾಪಿಸಿದ್ದಾನೆ. ಅವನ ಧರ್ಮ ಯಾವುದು, ಅವನು ಯಾರ ಪರ ಎಂಬ ಷರತ್ತು ಅಲ್ಲಿ ಇಲ್ಲ. ಇಬ್ಬರು ನೆರೆಯವರಲ್ಲಿ ಯಾರಿಗೆ ಮೊದಲು ಕೊಡಲಿ ಎಂದು ಹಜರತ್ ಆಯಿಶಾ(ರ) ಕೇಳಿದಾಗ, ಯಾರ ಬಾಗಿಲು ಹತ್ತಿರವೋ ಅವರಿಗೆ ಎಂದು ಪ್ರವಾದಿ(ಸ) ತಿಳಿಸಿದರು. ಅಬ್ದುಲ್ಲಾ ಬಿನ್ ಅಮ್ರ್(ರ) ಅವರ ಮನೆಯಲ್ಲಿ ಕುರಿ ಕೊಯ್ದ ದಿನ, ನಮ್ಮ ಯಹೂದಿ ನೆರೆಯವನಿಗೆ ಕಳಿಸಿದಿರಾ ಎಂದು ಅವರು ಮತ್ತೆ ಮತ್ತೆ ಕೇಳಿದರು.

ಹಾಗೆಂದು ಕಣ್ಣುಮುಚ್ಚಿ ಮನೆ ತೆಗೆದುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಮನೆಗಿಂತ ಮೊದಲು ನೆರೆಯವರನ್ನು ನೋಡಬೇಕೆಂದು ಅರಬರೂ ಹೇಳುತ್ತಿದ್ದರು. ಜಾಗದ ಕಾಗದಪತ್ರ, ಖಾತೆ ನೋಡಿದ ಹಾಗೆಯೇ ನೆರೆಯನ್ನೂ ನೋಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ಬನ್ನಿ. ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ, ಹಗಲೆಲ್ಲ ಅಲ್ಲಿ ಇರುವವರು ಅವರು. ಪಕ್ಕದವರೊಂದಿಗೆ ನೀವೇ ಮಾತಾಡಿ. ಅವರು ಯಾರಿಗೆ ಓಟು ಹಾಕುತ್ತಾರೆ ಎಂದು ಕೇಳಬೇಡಿ. ಬೀದಿಯಲ್ಲಿ ಜಗಳವಾದರೆ ಯಾರು ಬಿಡಿಸುತ್ತಾರೆ, ಕಾಯಿಲೆ ಬಿದ್ದರೆ ಯಾರು ಬರುತ್ತಾರೆ, ಹೆಣ್ಣುಮಕ್ಕಳು ನಿರ್ಭಯವಾಗಿ ಓಡಾಡುತ್ತಾರೆಯೇ ಎಂಬುದನ್ನು ತಿಳಿದುಕೊಳ್ಳಿ. ಯಾರ ಕೆಡುಕಿನಿಂದ ನೆರೆಯವನು ಸುರಕ್ಷಿತನಲ್ಲವೋ ಅವನು ಮೂಮಿನ್ ಅಲ್ಲ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ನೆರೆಯನ್ನು ಅಳೆಯಲು ಇದೇ ಅಳತೆ. ನಮ್ಮನ್ನು ಅಳೆಯಲೂ ಇದೇ ಅಳತೆ.

ಹೋದ ಮೇಲೆ ಕೆಲವು ವಿಷಯ ನೆನಪಿಡಿ.

ಒಂದನೆಯದಾಗಿ, ಮೊದಲ ವಾರದಲ್ಲೇ ಬಾಗಿಲು ತಟ್ಟಿ ಪರಿಚಯ ಮಾಡಿಕೊಳ್ಳಿ. ಲಿಂಗಾಯತರ ಮನೆಯಾದರೆ ಹಣ್ಣು, ಖರ್ಜೂರ ಒಯ್ಯಿರಿ. ಅವರು ನಮ್ಮ ಅಡುಗೆ ಉಣ್ಣದಿದ್ದರೆ ಬೇಸರ ಪಡಬೇಡಿ, ಅದು ಅವರ ಆಚಾರ.

ಎರಡನೆಯದಾಗಿ, ಬೀದಿ ದೀಪ, ಬೋರ್‌ವೆಲ್, ಚರಂಡಿಯ ಕೆಲಸಕ್ಕೆ ನಿಮ್ಮ ಪಾಲಿನ ಹಣವನ್ನು ಕೇಳುವ ಮೊದಲೇ ಕೊಡಿ. ಪೂಜೆಯಲ್ಲಿ ನಾವು ಪಾಲ್ಗೊಳ್ಳುವುದಿಲ್ಲ ಎಂಬುದನ್ನು ವಿನಯದಿಂದ ಹೇಳಬಹುದು. ಆದರೆ ಕೊಟ್ಟೂರಿನ ತೇರಿಗೋ ಮೈಲಾರದ ಕಾರಣಿಕಕ್ಕೋ ಪಕ್ಕದವರು ಹೊರಟಾಗ ಅವರ ಮನೆಯ ಕಡೆ ಒಂದು ಕಣ್ಣಿಡುವುದು ನೆರೆಯವರ ಹಕ್ಕು ಸಲ್ಲಿಸಿದಂತೆ.

ಮೂರನೆಯದಾಗಿ, ಬಕ್ರೀದ್ ದಿನ ರಸ್ತೆಯಲ್ಲಿ ಒಂದು ಹನಿ ರಕ್ತವೂ ಕಾಣಬಾರದು. ನೆಂಟರ ಬೈಕುಗಳು ಇನ್ನೊಬ್ಬರ ಗೇಟಿಗೆ ಅಡ್ಡ ನಿಲ್ಲಬಾರದು.

ನಾಲ್ಕನೆಯದಾಗಿ, ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ರಾಜಕೀಯ ಬಂದರೆ ಉತ್ತರ ಬರೆಯಬೇಡಿ, ಮನಸ್ಸಿಗೆ ನೋವಾದರೆ ಮರುದಿನ ಎದುರಿಗೆ ಕುಳಿತು ಹೇಳಿ. ನಮ್ಮ ಗುಂಪುಗಳಲ್ಲಿ ಅವರನ್ನು ಹಂಗಿಸುವ ಸಂದೇಶ ಬಂದರೂ ಮುಂದಕ್ಕೆ ಕಳಿಸಬೇಡಿ. ಅಪಹಾಸ್ಯ, ಗುಮಾನಿ, ಗೂಢಚರ್ಯೆ ಮೂರನ್ನೂ ಸೂರಃ ಅಲ್ ಹುಜುರಾತ್ ತಡೆದಿದೆ. ಪಕ್ಕದ ಮನೆಯ ಹಿರಿಯರನ್ನು ಪಕ್ಷದ ಹೆಸರಿನಿಂದ ಕರೆಯಲು ಮಕ್ಕಳಿಗೆ ಕಲಿಸಬೇಡಿ. ಅವರು ಅಜ್ಜ, ದೊಡ್ಡಪ್ಪ, ಅಕ್ಕ ಆಗಿಯೇ ಇರಲಿ.

ನಿಜವಾಗಿ ಕಿರುಕುಳ ಕೊಡುವವರು ಸಿಕ್ಕರೆ? ಸಬ್ರ್ ಎಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ನೆರೆಯವನ ಕಾಟದ ಬಗ್ಗೆ ದೂರು ತಂದ ಒಬ್ಬರಿಗೆ ಪ್ರವಾದಿ(ಸ) ಮೊದಲು ತಾಳ್ಮೆ ಹೇಳಿದರು. ಅವರು ಮತ್ತೆ ಮತ್ತೆ ಬಂದಾಗ, ಮನೆಯ ಸಾಮಾನು ದಾರಿಯಲ್ಲಿ ಇಡುವಂತೆ ಹೇಳಿದರು. ಹೋಗಿಬರುವವರು ಕಾರಣ ತಿಳಿದು ಕಾಟ ಕೊಟ್ಟವನನ್ನು ಶಪಿಸಿದಾಗ, ಅವನೇ ಬಂದು ಇನ್ನು ತೊಂದರೆ ಕೊಡುವುದಿಲ್ಲ ಎಂದು ಬೇಡಿಕೊಂಡ. ಅಂದರೆ ನಾಲ್ಕು ಜನರ ಮುಂದೆ ಹೇಳುವುದು ಸುನ್ನತ್‌ಗೆ ವಿರುದ್ಧವಲ್ಲ. ಮೊದಲು ಬಡಾವಣೆಯ ಹಿರಿಯರಿಗೆ ಹೇಳಿ. ಆಗದಿದ್ದರೆ ಠಾಣೆಗೆ ಹೋಗಿ, ಅಪಾಯ ಎದುರಾದರೆ 112ಕ್ಕೆ ಕರೆ ಮಾಡಿ. ಒಬ್ಬನ ತಪ್ಪಿಗೆ ಇಡೀ ಬೀದಿಯನ್ನು ದೂರಬೇಡಿ. ಒಂದು ಜನಾಂಗದ ಮೇಲಿನ ದ್ವೇಷ ನ್ಯಾಯದಿಂದ ನಿಮ್ಮನ್ನು ತಪ್ಪಿಸದಿರಲಿ ಎಂಬುದು ಸೂರಃ ಅಲ್ ಮಾಇದಾದ ಪಾಠ.

ಹೊರಡುವವರು ಹಿಂದೆ ಉಳಿಯುವವರನ್ನು ಮರೆಯಬಾರದು. ಹಳೆಯ ಮನೆ ಮಾರುವ ಮೊದಲು ಪಕ್ಕದವರನ್ನು ಕೇಳಿ, ನಮ್ಮ ಹನಫಿ ಫಿಕ್ಹ್‌ನಲ್ಲಿ ಅದು ಅವರ ಹಕ್ಕು. ಜುಮಾಕ್ಕೆ ಮಕ್ಕಳೊಂದಿಗೆ ಇಲ್ಲಿಗೇ ಬನ್ನಿ. ಅಲ್ಲಿ ಚರಂಡಿಗೆ ಅರ್ಜಿ ಬರೆಯಲು ಕಲಿತವರು ಈ ಗಲ್ಲಿಯ ಚರಂಡಿಗೂ ಒಂದು ಅರ್ಜಿ ಬರೆಯಿರಿ.

ಆ ಸಹೋದರರಿಗೆ ನಾನು ಹೇಳಿದ್ದು ಇಷ್ಟೇ: "ಬಾವುಟ ನೋಡಿ ವಾಪಸ್ ಬರಬೇಡಿ ಭಾಯಿ. ಬಾಗಿಲು ತಟ್ಟಿ ನೋಡಿ, ಆಮೇಲೆ ತೀರ್ಮಾನಿಸಿ." ಎರಡು ವಾರದ ನಂತರ ಅವರು ಬಂದರು. ಆ ಮನೆಯ ನಿವೃತ್ತ ಮೇಷ್ಟ್ರು ಬಾಗಿಲು ತೆರೆದು, ಕೂರಿಸಿ, ಚಹಾ ಕೊಟ್ಟು, "ನೀರು ಎರಡು ದಿನಕ್ಕೊಮ್ಮೆ ಬರ್ತದೆ ಸಾಬ್ರೇ, ಟ್ಯಾಂಕು ದೊಡ್ಡದೇ ಕಟ್ಟಿಸ್ರಿ" ಎಂದರಂತೆ. ರಾಜಕೀಯದ ಮಾತು ಬರಲಿಲ್ಲವಂತೆ. ಮುಂದೆ ಬರಬಹುದು. ಅಷ್ಟರೊಳಗೆ ಪರಿಚಯ ಬೆಳೆದಿದ್ದರೆ ಸಾಕು.

ಅಲ್ಲಾಹನು ನಮಗೆ ಒಳ್ಳೆಯ ನೆರೆಯನ್ನು ಕರುಣಿಸಲಿ, ನಮ್ಮನ್ನೂ ಒಳ್ಳೆಯ ನೆರೆಯವರನ್ನಾಗಿ ಮಾಡಲಿ. ಆಮೀನ್.